ಆಸ್ಪತ್ರೆಯ ಹನ್ನೆರಡು ಮಂಚ

ಕುಶಾಲನಗರ
೭–೩–೧೯೫೪

ಮಗಳು ವಿಶಾಲಾಕ್ಷಿಗೆ ಅಪ್ಪ ಸಣ್ಣಸ್ವಾಮಿಯ ಆಶೀರ್ವಾದ.

ನಿನ್ನೆ ಕೆಟ್ಟ ಕನಸೊಂದು ಬಿತ್ತು. ಬಾಳೆಲೆ ಊರಿನ ನಿನ್ನ ಶಾಲೆಯಲ್ಲಿ ನೀನು ತೆರೆಯಬೇಕೆಂದಿರುವ ಬೋರ್ಡಿಂಗಿನಲ್ಲಿ ಹುಡುಗಿಯರು ಸಾಲಾಗಿ ಮಲಗಿದ್ದಾರೆ. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೇನೆ. ಇರಬೇಕಾದದ್ದು ಹನ್ನೆರಡು, ಎಷ್ಟು ಸಲ ಎಣಿಸಿದರೂ ಹದಿಮೂರು ಬರುತ್ತದೆ. ಹೆಚ್ಚಿಗೆ ಇರುವುದು ಯಾರೆಂದು ಹೊದಿಕೆ ಎತ್ತಲು ಕೈ ಚಾಚಿದೆ, ಎಚ್ಚರವಾಯಿತು. ನಿನ್ನವ್ವನಿಗೆ ಹೇಳಿದರೆ, "ಹುರುಳಿಸಾರು ಅಷ್ಟು ಉಂಡ್ರೆ ಹದ್ಮೂರಲ್ಲ, ಮೂವತ್ತು ಕಾಣ್ತವೆ" ಎಂದು ಮಗ್ಗುಲಾದಳು.

ಕನಸಿಗೆ ಕಾರಣ ಸಾರಲ್ಲ, ನಾನು ಮಾಡಿರುವ ಕೆಲಸ. ಅದನ್ನು ನಿನಗೆ ಹೇಳದೆ ಇರಲಾರೆ.

ನೀನು ಬರೆದಿದ್ದೆಯಲ್ಲ, ಜೂನ್ ಹತ್ತಕ್ಕೆ ಇನ್‌ಸ್ಪೆಕ್ಟರು ಬರುತ್ತಾರೆ, ಹನ್ನೆರಡು ಹುಡುಗಿಯರು ಹನ್ನೆರಡು ಮಂಚದ ಮೇಲೆ ಇರಬೇಕು, ಮಳೆಗಾಲದಲ್ಲಿ ಒಬ್ಬಳೂ ನೆಲದ ಮೇಲೆ ಮಲಗಕೂಡದು, ಇಲ್ಲದಿದ್ದರೆ ಬೋರ್ಡಿಂಗಿಗೆ ಸರ್ಕಾರದ ಮಂಜೂರಾತಿ ಇಲ್ಲ ಎಂದು. ಮಂಜೂರಾತಿ ಇಲ್ಲದಿದ್ದರೆ ದೂರದ ತೋಟಗಳ ಕೂಲಿಯವರ ಲೈನುಮನೆಗಳಿಂದ ನಾಲ್ಕನೇ ಕ್ಲಾಸು ಮುಗಿಸಿ ಬಂದ ಆ ಮಕ್ಕಳ ಓದು ಅಲ್ಲಿಗೇ ನಿಂತಿತು. ಊರವರು ಸೇರಿಸಿ ಕೊಟ್ಟದ್ದು ತೊಂಬತ್ತು ರೂಪಾಯಿ. ಮೈಸೂರಿನ ಅಂಗಡಿಯಲ್ಲಿ ಹೊಸ ಕಬ್ಬಿಣದ ಮಂಚ ಒಂದಕ್ಕೇ ಹದಿನೆಂಟು. ಆ ಕಾಗದ ಓದಿದ ದಿನದಿಂದ ನನಗೆ ಅದೇ ಯೋಚನೆ.

ಮೊನ್ನೆ ಶುಕ್ರವಾರ ಸುಂಟಿಕೊಪ್ಪದ ಆಚೆ ಒಂದು ತೋಟದಲ್ಲಿ ಹರಾಜು. ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ಸೀಮೆಗೆ ಹೊರಟಿದ್ದಾನೆ. ಕುರ್ಚಿ, ಗಡಿಯಾರ, ಪಿಂಗಾಣಿ ಎಲ್ಲ ಮಡಿಕೇರಿಯವರ ಪಾಲಾಯಿತು. ಸಾಮಾನು ಹೊರಲು ಬಾಡಿಗೆ ಸಿಗುತ್ತದೆಂದು ಗಾಡಿ ಕಟ್ಟಿಕೊಂಡು ಹೋಗಿದ್ದವನು ನಾನು. ಕೊನೆಗೆ ಹಿತ್ತಲ ಜಗಲಿಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಹನ್ನೆರಡು ಕಬ್ಬಿಣದ ಮಂಚ ಕೂಗಿದರು. ಯಾರೂ ಬಾಯಿ ಬಿಡಲಿಲ್ಲ. ಮೈಸೂರಿನ ಗುಜರಿಯವನೊಬ್ಬ, ಕರಗಿಸಲಿಕ್ಕೆ, ಎಲ್ಲಕ್ಕೂ ಸೇರಿ ಎಂಟು ರೂಪಾಯಿ ಎಂದ. ನಾನು ಹತ್ತು ಎಂದೆ. ಅವನು ಬೀಡಿ ಹಚ್ಚಿಕೊಂಡು ಗೇಟಿನ ಕಡೆ ನಡೆದುಬಿಟ್ಟ. ಎಲ್ಲರೂ ಸುಮ್ಮನೆ. ಆ ಸುಮ್ಮನಿರುವುದನ್ನು ನನಗೆ ತಡೆಯಲಾಗಲಿಲ್ಲ. ಹಿಂದೆ ಯಾರೋ ಬಾಯಿ ತೆರೆಯುತ್ತಿದ್ದಾರೆ ಅನ್ನಿಸಿ ಹದಿನೈದು ಎಂದೆ. ಮತ್ತೂ ಸುಮ್ಮನೆ. ಇಪ್ಪತ್ತೆರಡು ಎಂದೆ. ಹರಾಜು ಕೂಗುತ್ತಿದ್ದ ತೋಟದ ಲೆಕ್ಕ ಬರೆಯುವ ರೈಟರು ಗುರುವಪ್ಪ ಸುತ್ತಿಗೆ ಕೆಳಗಿಟ್ಟ.

"ಲೇ ಸಣ್ಣಸ್ವಾಮಿ, ಯಾರ ಮೇಲೆ ಏರುಸ್ತಿದ್ದೀಯೋ? ಹಿಂದಿನ ಕೂಗೂ ನಿಂದೇ, ಮುಂದಿನ ಕೂಗೂ ನಿಂದೇ!"

"ಮೂವತ್ತು! ಬೇಗ ಸುತ್ತಿಗೆ ಹೊಡಿ ಮಾರಾಯ."

"ನೀನು ಬಾಯಿ ಮುಚ್ಚಿದ್ರೆ ಹೊಡೀತೀನಿ."

"ಮೂವತ್ತೊಂದು" ಎಂದುಬಿಟ್ಟೆ. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಖುಷಿಗೆ ಹನ್ನೆರಡು ಎನಾಮಲ್ ತಟ್ಟೆ, ನಾಲ್ಕು ಬಕೆಟ್ಟು ಮೇಲೆ ಹಾಕಿಸಿದ. ನನ್ನದೇ ದುಡ್ಡು ಕೊಟ್ಟು ಬಂದಿದ್ದೇನೆ, ನಿನ್ನ ತೊಂಬತ್ತು ಹಾಗೇ ಇರಲಿ.

ಈಗ ನಿಜ ಹೇಳುತ್ತೇನೆ. ಅವು ತೋಟದ ಕೂಲಿಯಾಳುಗಳ ಆಸ್ಪತ್ರೆಯ ಮಂಚಗಳು. ಮಲೇರಿಯಾ ಕಾಲದಲ್ಲಿ ಅವುಗಳ ಮೇಲೆ ಎಷ್ಟು ಜನ ಹೋದರೋ ದೇವರಿಗೇ ಗೊತ್ತು. ಬಾಳೆಲೆಯಲ್ಲಿ ಯಾರಿಗೂ ಹೇಳಬೇಡ. ಈ ಕಾಗದ ಓದಿ ಒಲೆಗೆ ಹಾಕು.

ಇಂತಿ, ನಿದ್ದೆಗೆಟ್ಟ ನಿನ್ನ ಅಪ್ಪ
ಸಣ್ಣಸ್ವಾಮಿ


ಬಾಳೆಲೆ
೧೮–೩–೧೯೫೪

ಅಪ್ಪನಿಗೆ ವಿಶಾಲಾಕ್ಷಿಯ ನಮಸ್ಕಾರಗಳು.

ಮೂವತ್ತೊಂದು ರೂಪಾಯಿ! ನಾನು ಮೂರು ಸಲ ಓದಿದೆ. ಹೊಸದಕ್ಕೆ ಇನ್ನೂರ ಹದಿನಾರು ಆಗುತ್ತಿತ್ತು. ಉಳಿದ ದುಡ್ಡಿನಲ್ಲಿ ಕಂಬಳಿ, ಲಾಟೀನು, ಅನ್ನ ಬೇಯಿಸಲು ಒಂದು ದೊಡ್ಡ ಪಾತ್ರೆ ಎಲ್ಲ ಬರುತ್ತದೆ.

ಆದರೆ ನಿಮ್ಮ ಗುಟ್ಟು ನಿಮ್ಮ ಕಾಗದಕ್ಕಿಂತ ಎರಡು ದಿನ ಮೊದಲೇ ಬಾಳೆಲೆ ತಲುಪಿತ್ತು. ಹರಾಜಿಗೆ ಬಂದಿದ್ದ ಒಬ್ಬ ಲಾರಿ ಡ್ರೈವರು ಇಲ್ಲಿ ಸಂತೆಯಲ್ಲಿ ನಿಮ್ಮ ಕೂಗನ್ನು ಅಭಿನಯಿಸಿ ತೋರಿಸಿದನಂತೆ. ಜನ ನಕ್ಕರು, ಆಮೇಲೆ ಯಾವ ಮಂಚ ಎಂದು ಕೇಳಿದರು, ಆಮೇಲೆ ನಗಲಿಲ್ಲ. ನಿನ್ನೆ ಮಾರಿ ಎಂಬ ಅಜ್ಜಿ ಶಾಲೆಗೆ ಬಂದಿತ್ತು. ತೋಟದಲ್ಲಿ ಕೆಲಸ ಮಾಡುವ ಅಜ್ಜಿ, ತಾಯಿಯಿಲ್ಲದ ಮೊಮ್ಮಗಳು ಮುತ್ತಿಯನ್ನು ತಾನೇ ಸಾಕಿದೆ. "ಟೀಚರಮ್ಮ, ಕೂಸು ಓದದೆ ಇದ್ರೂ ಬದುಕ್ತದೆ. ಸತ್ತೋರ ಮಂಚದಲ್ಲಿ ಮಾತ್ರ ಮಲಗೋದು ಬೇಡ" ಎಂದು ಹೇಳಿ ಹೋಯಿತು. ಅದರ ಹಿಂದೆ ಇನ್ನೂ ನಾಲ್ಕು ಮನೆಯವರು ಬೇಡ ಎಂದಿದ್ದಾರೆ. ಹನ್ನೆರಡರಲ್ಲಿ ಈಗ ಏಳು ಉಳಿದಿವೆ.

ಬಣ್ಣ ಬಳಿದು ಬೇರೆ ಮಂಚ ಎಂದುಬಿಡಿ ಎಂದು ಹೆಡ್‌ಮಾಸ್ಟರು ಹೇಳುತ್ತಾರೆ. ಸುಳ್ಳು ಹೇಳಬಾರದು ಎಂದು ಅದೇ ಮಕ್ಕಳಿಗೆ ದಿನಾ ಹೇಳುವವಳು ನಾನು. ನನ್ನಿಂದ ಆಗುವುದಿಲ್ಲ.

ಒಂದು ಮಾತು. ಯಾರಾದರೂ ಸುಮ್ಮನಾದರೆ ನೀವು ಹೆದರುತ್ತೀರೆಂದು ನನಗೆ ಗೊತ್ತು. ಆದರೂ ನಿಮ್ಮ ಮೇಲೆ ನೀವೇ ಇಪ್ಪತ್ತೊಂದು ರೂಪಾಯಿ ಏರಿಸುವಷ್ಟು ಏನಾಗಿತ್ತು ಅಪ್ಪ?

ನಿಮ್ಮ ಮಗಳು
ವಿಶಾಲಾಕ್ಷಿ


ಕುಶಾಲನಗರ
೩–೪–೧೯೫೪

ವಿಶಾಲುವಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಇದರಲ್ಲಿ ಇಲ್ಲ.

ಮಾರಿ ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಸತ್ತವರು ಮಲಗಿದ ಚಾಪೆಯನ್ನೂ ನಾವು ಊರಾಚೆ ಎಸೆಯುತ್ತೇವೆ, ಇದಂತೂ ಮಂಚ. ನಿನ್ನವ್ವ ಅವನ್ನು ಹೊಸಿಲು ದಾಟಿಸಲು ಬಿಟ್ಟಿಲ್ಲ. ಗಾಡಿ ಕೊಟ್ಟಿಗೆಯಲ್ಲಿ ನಿಂತಿವೆ. ಎತ್ತುಗಳು ಅವನ್ನು ನೋಡಿ ಬೆದರುತ್ತವೆ ಎಂದು ನನಗೆ ಅನ್ನಿಸುತ್ತದೆ. ನೊಣಕ್ಕೆ ಬಾಲ ಬೀಸುತ್ತವೆ ಅಷ್ಟೆ ಎಂದು ಅವಳು ಹೇಳುತ್ತಾಳೆ.

ಮಾಡುವುದನ್ನು ಮಾಡಿದ್ದೇನೆ. ಗಾಡಿಯ ಚಕ್ರಪಟ್ಟಿಯನ್ನು ನೋಡುವ ಹಾಗೆ ಪ್ರತಿ ಕಾಲನ್ನೂ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಿದೆ. ಬಿರುಕು ಬಿಟ್ಟ ಕಬ್ಬಿಣ ಕೆಮ್ಮಿದ ಹಾಗೆ ಸದ್ದು ಮಾಡುತ್ತದೆ. ಒಂದೂ ಕೆಮ್ಮಲಿಲ್ಲ. ಸಂದುಗಳಿಗೆ ಕುದಿಯುವ ನೀರು ಹೊಯ್ದು ತಿಗಣೆ ತೆಗೆದೆ. ಸೀಮೆಎಣ್ಣೆ ಹಚ್ಚಿ, ಬೂದಿಯಲ್ಲಿ ಉಜ್ಜಿ, ಮೂರು ದಿನ ಬಿಸಿಲಿಗೆ ಹಾಕಿದೆ. ಇಷ್ಟೆಲ್ಲ ಮಾಡಿದ ಮೇಲೂ ಬೀದಿಯವರು ಆಚೆ ಬದಿಯಲ್ಲಿ ನಡೆಯುತ್ತಾರೆ. ಎದುರು ಹೋಟೆಲಿನ ನಾಗರಾಜು ಕಾಫಿ ಕೊಡುತ್ತ, "ಏನಣ್ಣ, ಹನ್ನೆರಡು ಸಾಮಾನು ತಂದಿದ್ದೀರಿ, ಹೊರೋಕೆ ನಲವತ್ತೆಂಟು ಜನ ಬೇಕಲ್ಲ" ಎಂದ. ಒಂದು ಚಟ್ಟಕ್ಕೆ ನಾಲ್ವರಂತೆ ಹೆಗಲು ಕೊಡುವವರ ಲೆಕ್ಕ ಅವನದು.

ಅವನ ಆ ಮಾತಿಗೆ ನನಗೆ ಯಾಕೋ ರೋಷ ಬಂತು. ಹೆದರುವವನಿಗೆ ರೋಷ ಬಂದರೆ ತಡೆಯುವುದು ಕಷ್ಟ. "ಈ ಹನ್ನೆರಡರಲ್ಲೂ ನಾನು ಒಂದೊಂದು ದಿನ ಮಲಗ್ತೀನಿ. ಹನ್ನೆರಡು ಸಲ ಮಲಗಿ ಹನ್ನೆರಡು ಸಲ ಎದ್ದು ಬಂದು ನಿನ್ನ ಕಾಫಿ ಕುಡೀತೀನಿ. ಆಮೇಲೆ ಬಾಳೆಲೆಯಲ್ಲಿ ಯಾರು ಏನು ಹೇಳ್ತಾರೆ ನೋಡ್ತೀನಿ" ಎಂದು ಕೂಗಿದೆ. ಮಾತು ಬೀದಿಯಲ್ಲಿ ಬಿದ್ದಾಯಿತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಹಗಲಲ್ಲೇ ಮಲಗುತ್ತೇನೆ. ಊಟವಾದ ಮೇಲೆ, ಕೊಟ್ಟಿಗೆಯ ಬಾಗಿಲು ತೆರೆದಿಟ್ಟು. ಸಾಕ್ಷಿಗೆ ನೋಡಿದವರಿರಬೇಕಲ್ಲ. ಮಂಚಗಳ ಮೇಲೆ ಆಸ್ಪತ್ರೆಯ ನಂಬರು ಇನ್ನೂ ಇದೆ, ಸೋಮವಾರ ಒಂದನೇ ನಂಬರು. ನಿನ್ನ ಅಜ್ಜಿಯ ಹಳೇ ಕಂಬಳಿ ಹಾಸಿಕೊಳ್ಳುತ್ತೇನೆ.

ದೇವರಿಗೆ ಒಂದು ಕಾಯಿ ಒಡೆಸು.

ಸಣ್ಣಸ್ವಾಮಿ


ಕುಶಾಲನಗರ
೧೪–೪–೧೯೫೪

ವಿಶಾಲುವಿಗೆ,

ಈ ಕಾರ್ಡಿನಲ್ಲಿ ಜಾಗ ಕಡಿಮೆ. ಹತ್ತು ಮಂಚ ಮುಗಿದಂತೆ ಆಯಿತು, ಸರಿಯಾಗಿ ಹೇಳಿದರೆ ಒಂಬತ್ತು. ಒಂದನೆಯದರಲ್ಲಿ ಕಣ್ಣು ಮುಚ್ಚಲಿಲ್ಲ, ಸೂರಿನ ಹೆಂಚು ಎಣಿಸಿದೆ. ನಾಲ್ಕನೆಯದರಲ್ಲಿ ಕಾಲು ಗಂಟೆ ನಿದ್ದೆ ಬಂತು. ಐದನೆಯದರಿಂದ ನೋಡಲು ಜನ. ನಾಗರಾಜು ದಿನವೂ ಮೂರು ಗಂಟೆಗೆ ಬಂದು, "ಅಣ್ಣಾ, ಇದ್ದೀರಾ?" ಎಂದು ಕೂಗುತ್ತಾನೆ. "ಇದ್ದೀನಿ, ಕಾಫಿ ತಾ" ಎನ್ನುತ್ತೇನೆ. ದಿನಕ್ಕೆ ಎರಡು ಮೂರು ಮಂದಿ ಹೆಚ್ಚಾಗಿ, ಅವನ ಹೋಟೆಲಿಗೇ ವ್ಯಾಪಾರ ಹೆಚ್ಚಿದೆ.

ಎಂಟನೆಯದನ್ನು ಬಿಟ್ಟು ಒಂಬತ್ತಕ್ಕೆ ಹೋದೆ. ಕಾರಣ ಕೇಳಬೇಡ. ನಿನ್ನೆ ಹತ್ತರಲ್ಲಿ ಮಲಗಿ ಎದ್ದೆ. ಇವತ್ತು ಮೈ ಬೆಚ್ಚಗಿದೆ.

ಸ.


ಕುಶಾಲನಗರ
೨೪–೪–೧೯೫೪

ವಿಶಾಲಾಕ್ಷಿ, ನಿಮ್ಮವ್ವ ಲಿಂಗಮ್ಮ ಹೇಳ್ತೀನಿ, ನಾಗರಾಜು ಬರೀತಾನೆ. ಅವನು ತನ್ನ ಮಾತು ಸೇರಿಸಿದ್ರೆ ನಂಬ್ಬೇಡ.

ನಿಮ್ಮಪ್ಪನಿಗೆ ಜ್ವರ. ಹೆದರ್ಬೇಡ. ಡಾಕ್ಟ್ರು ಬಂದು ನೋಡಿ, ಹೂಮಳೆಯಲ್ಲಿ ನೆನೆದು ಗಾಡಿ ಹೊಡೆದದ್ದಕ್ಕೆ ಬಂದಿರೋ ಜ್ವರ, ಎಂಟು ದಿನಕ್ಕೆ ಬಿಡ್ತದೆ ಅಂದ್ರು. ಕಾಫಿ ಹೂವಿಗೆ ಆ ಮಳೆ ಒಳ್ಳೇದಂತೆ, ನಿಮ್ಮಪ್ಪನಿಗೆ ಆಗ್ಲಿಲ್ಲ. ಬೀದಿಯವರು ಮಾತ್ರ ಮಂಚದಿಂದಲೇ ಬಂತು ಅಂತ ಬಾಗಿಲಿಗೆ ಬಂದು ತಲೆಯಾಡಿಸಿ ಹೋಗ್ತಾರೆ. ಎರಡು ದಿನ ಕೇಳಿದೆ. ಮೂರನೇ ದಿನ ನನಗೆ ತಡೀಲಿಲ್ಲ. ಊಟ ಆದ ಮೇಲೆ ಎಲೆಅಡಿಕೆ ತಟ್ಟೆ ತಗೊಂಡು ಹೋಗಿ ಹನ್ನೊಂದನೇದ್ರಲ್ಲಿ ಮಲಗಿದೆ. ಮಾರನೇ ದಿನ ಹನ್ನೆರಡು. ಹೆಂಗಸು ಹಗಲೊತ್ತು ಬೀದಿಗೆ ಕಾಣೋ ಹಾಗೆ ಮಲಗೋದಾ ಅಂತ ಒಬ್ಬಳು ಅಂದ್ಲು. ಹೌದು ಕಣಮ್ಮ, ಮೂವತ್ತು ವರ್ಷ ಆಯ್ತು ಹಗಲು ಮಲಗಿ, ಇವಾಗಾದ್ರೂ ಮಲಗ್ತೀನಿ ಅಂದೆ.

ಇನ್ನೊಂದು. ಜ್ವರದಲ್ಲಿ ಅವರು ಎಂಟು, ಎಂಟು ಅಂತ ಕನವರಿಸ್ತಿದ್ರು. ಮತ್ತೆ ಸಿದ್ದ ಅಂತ ಯಾರದೋ ಹೆಸರು. ಏನು ಅಂತ ನನಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ನಿನ್ನೆ ಎಂಟರಲ್ಲೂ ಮಲಗಿ ಬಂದೆ. ಸೊಂಟನೋವಿಗೆ ಹಿತವಾಗಿತ್ತು. ತಿಂಡಿ ಹೊತ್ತಿಗೆ ಎದ್ದು ರೊಟ್ಟಿ ತಟ್ಟಿದೆ.

(ಅಕ್ಕಾ, ನಾಗರಾಜು ಬರೆಯುತ್ತಿದ್ದೇನೆ. ನಲವತ್ತೆಂಟು ಜನ ಎಂದದ್ದು ನನ್ನ ತಪ್ಪು. ಅಣ್ಣನಿಗೆ ದಿನಾ ಗಂಜಿ ನಾನೇ ತಂದುಕೊಡುತ್ತಿದ್ದೇನೆ.)

ಹೆಬ್ಬೆಟ್ಟು: ಲಿಂಗಮ್ಮ


ಬಾಳೆಲೆ
೨೯–೪–೧೯೫೪

ಅವ್ವ,

ಮಂಚಗಳನ್ನು ಇವತ್ತೇ ಗುಜರಿಗೆ ಕೊಟ್ಟುಬಿಡು. ಬೋರ್ಡಿಂಗು ಈ ವರ್ಷ ಆಗದಿದ್ದರೆ ಬೇಡ. ಅಪ್ಪನಿಗೆ ಏನಾದರೂ ಆದರೆ ನಾನು ಯಾವ ಮಕ್ಕಳಿಗೂ ಪಾಠ ಹೇಳಲಾರೆ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ.

ವಿಶಾಲಾಕ್ಷಿ


ಕುಶಾಲನಗರ
೧೩–೫–೧೯೫೪

ವಿಶಾಲುವಿಗೆ ಆಶೀರ್ವಾದ.

ನೀನು ಬಂದು ಎರಡು ದಿನ ಇದ್ದು ಹೋದೆ. ನಾನು ಎದ್ದು ಕೂತಿದ್ದೆ, ಗಂಜಿ ಕುಡಿದೆ, ಎತ್ತಿನ ಮಾತಾಡಿದೆ. ನೀನು ಕಾದೆ. ನಾನು ಹೇಳಲಿಲ್ಲ. ಬಾಯಲ್ಲಿ ಬರದದ್ದನ್ನು ಬರೆಯುತ್ತೇನೆ.

ನನ್ನ ಅಪ್ಪ ಹಾಸನದ ಕಡೆಯಿಂದ ಕಾಫಿ ಹಣ್ಣು ಕೊಯ್ಯುವ ಕಾಲಕ್ಕೆ, ಹರಾಜಾಯಿತಲ್ಲ, ಆ ತೋಟಕ್ಕೇ ಬರುತ್ತಿದ್ದ. ಒಂದು ವರ್ಷ ನನ್ನನ್ನೂ ಕರೆದುಕೊಂಡು ಬಂದ. ಮೂರನೇ ಕ್ಲಾಸಿನ ಪರೀಕ್ಷೆಗೆ ಹಿಂದಿರುಗುತ್ತೇವೆ ಎಂದಿದ್ದ. ನನಗೆ ಜ್ವರ ಹಿಡಿಯಿತು. ಆ ಆಸ್ಪತ್ರೆಯಲ್ಲಿ ಏಳನೇ ಮಂಚ ನನ್ನದು. ಎಂಟನೆಯದರಲ್ಲಿ ಸಿದ್ದ ಎಂಬ ಹುಡುಗ, ನನ್ನ ವಯಸ್ಸಿನವನೇ. ಜ್ವರ ಇಳಿದ ಹೊತ್ತಿನಲ್ಲಿ ಇಬ್ಬರೂ ಆಟ ಆಡುತ್ತಿದ್ದೆವು. ಅವನ ತಲೆದೆಸೆಯ ಎರಡನೇ ಸರಳನ್ನು ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ನಾನು ಹಿಡಿದು ಎಳೆದು ಬಗ್ಗಿಸಿದೆವು. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಎಂಟನೇ ಮಂಚ ಬರಿದಾಗಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲರೂ ಸುಮ್ಮನಿದ್ದರು. ಊರಿಗೆ ಹೋದಾಗ ಜೊತೆಯವರು ನಾಲ್ಕನೇ ಕ್ಲಾಸಿಗೆ ಹೋಗಿಯಾಗಿತ್ತು. ಚಿಕ್ಕವರ ಜೊತೆ ಕೂರಲು ನಾಚಿಕೆಯಾಗಿ ಎತ್ತಿನ ಹಿಂದೆ ಹೋದೆ.

ಹರಾಜಿನಲ್ಲಿ ಗುಜರಿಯವನು ಎಂಟು ರೂಪಾಯಿ ಎಂದಾಗ ಆ ಬಾಗಿದ ಸರಳು ಕಂಡಿತು. ಕರಗಿಸಿಬಿಡುತ್ತಾನೆ ಎನ್ನಿಸಿತು. ಆಮೇಲೆ ಯಾರೂ ಮಾತಾಡಲಿಲ್ಲ. ನಾನು ಕೂಗುತ್ತಲೇ ಹೋದೆ. ನೀನು ಕೇಳಿದ್ದಕ್ಕೆ ಇದೇ ಉತ್ತರ.

ನಿನ್ನವ್ವ ಎಂಟರಲ್ಲಿ ಮಲಗಿ ಬಂದಳೆಂದು ನಾಗರಾಜು ಹೇಳಿದ. ಅವಳು ನನಗೆ ಹೇಳಲಿಲ್ಲ. ಅವಳಿಗೆ ಇಲ್ಲದ ಹೆದರಿಕೆ ನನಗೆ ಯಾಕೆ ಎಂದು ನಿನ್ನೆ ಹೋಗಿ ಎಂಟರಲ್ಲಿ ಮಲಗಿದೆ. ಸರಳಿನ ಮೇಲೆ ಕೈಯಿಟ್ಟುಕೊಂಡೆ. ಹೆಂಚು ಎಣಿಸೋಣ ಎಂದುಕೊಂಡೆ. ಎಷ್ಟು ಎಣಿಸಿದೆನೋ ನೆನಪಿಲ್ಲ. ಮೂರು ಗಂಟೆಗೆ ನಾಗರಾಜು ಬಂದು ಕೂಗಿದನಂತೆ, ನಾನು ಏಳಲಿಲ್ಲವಂತೆ. ಬೀದಿಯೆಲ್ಲ ಕೂಡಿತಂತೆ. ಅವನು ಅಳುತ್ತ ಒಳಗೆ ಬಂದು ಮೂಗಿನ ಹತ್ತಿರ ಕೈ ಹಿಡಿಯುವಷ್ಟರಲ್ಲಿ ನಾನು ಗೊರಕೆ ಹೊಡೆದೆನಂತೆ. ಆ ಗೊರಕೆಗೆ ಕೊಟ್ಟಿಗೆಯ ಎತ್ತು ಎದ್ದು ನಿಂತಿತು ಎನ್ನುತ್ತಾರೆ. ಅದು ಸುಳ್ಳಿರಬೇಕು. ಐದೂವರೆಗೆ ಎದ್ದೆ. ಜನ್ಮದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ.

ನಾಳಿದ್ದು ಎರಡು ಗಾಡಿಯಲ್ಲಿ ಹೊರಡುತ್ತೇವೆ, ಒಂದು ನನ್ನದು, ಇನ್ನೊಂದು ನಾಗರಾಜು ಬಾಡಿಗೆ ಕೊಟ್ಟು ತಂದದ್ದು. ಮೂರು ದಿನದ ದಾರಿ. ಸೇತುವೆಗಳ ಮೇಲೆ ಇಳಿದು ನಡೆಯುತ್ತೇನೆ, ಚಿಂತೆ ಮಾಡಬೇಡ.

ಎದ್ದು ಕೂತಿರುವ ನಿನ್ನ ಅಪ್ಪ
ಸಣ್ಣಸ್ವಾಮಿ


ಬಾಳೆಲೆ
೧೨–೬–೧೯೫೪

ಅಪ್ಪನಿಗೂ ಅವ್ವನಿಗೂ ನಮಸ್ಕಾರ. ಅವ್ವನಿಗೆ ನಾಗರಾಜನಿಂದ ಗಟ್ಟಿಯಾಗಿ ಓದಿಸಿ.

ನೀವು ಮಂಚಗಳನ್ನು ಜೋಡಿಸಿಕೊಟ್ಟು, ಒಂದು ಹೊತ್ತೂ ನಿಲ್ಲದೆ ಎತ್ತು ಕಟ್ಟಿ ಹೊರಟುಹೋದಿರಿ. ಒಂದನೇ ತಾರೀಕು ಮಕ್ಕಳನ್ನು ಬಿಡಲು ಏಳು ಮನೆಯವರು ಬಂದರು. ಉಳಿದ ಐದು ಮನೆಯವರು ಏನಾಗುತ್ತದೆ ನೋಡೋಣ ಎಂದು ಅಂಗಳದಲ್ಲಿ ನಿಂತರು. ಮಾರಿ ಅಜ್ಜಿ ಮುತ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ನಾನು ಸುಳ್ಳು ಹೇಳಲಿಲ್ಲ. ಒಲೆಗೆ ಹಾಕದೆ ಇಟ್ಟುಕೊಂಡಿದ್ದ ನಿಮ್ಮ ಕಾಗದಗಳನ್ನೆಲ್ಲ ತಂದು, ಮೆಟ್ಟಿಲ ಮೇಲೆ ನಿಂತು ಓದಿದೆ. ಹರಾಜು ಬಂದಾಗ ನಕ್ಕರು. ಜ್ವರ ಬಂದಾಗ ಹತ್ತಿರ ಸರಿದು ಬಂದರು. ಸಿದ್ದನ ಮಾತು ಬಂದಾಗ ಕಾಗದವನ್ನು ಪಕ್ಕಕ್ಕೆ ಚಾಚಿದೆ. ಅಲ್ಲಿಂದ ಮುಂದಕ್ಕೆ ಹೆಡ್‌ಮಾಸ್ಟರೇ ಓದಿದರು. ಗೊರಕೆಯ ಜಾಗದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು.

ಮಾರಿ ಅಜ್ಜಿ ಕೇಳಿತು, "ಆ ಮನುಷ್ಯ ಈಗ ಇದ್ದಾನಾ?"

"ಅವತ್ತು ಗಾಡಿಯಲ್ಲಿ ಮಂಚ ತಂದವರೇ ಅವರು ಅಜ್ಜಿ."

"ಆ ತಲೆಗೆ ಟವಲು ಸುತ್ತಿದವನಾ? ಬೋಲ್ಟು ಹತ್ತು ಹತ್ತು ಸಲ ತಿರುಗಿಸ್ತಿದ್ದನಲ್ಲ?"

"ಅವರೇ."

"ಅವನ ಹೆಂಡತಿ?"

"ದಿನಾ ರೊಟ್ಟಿ ತಟ್ಟುತ್ತಾರೆ."

ಅಜ್ಜಿ ಒಳಗೆ ಹೋಗಿ ಎಲ್ಲ ಮಂಚ ನೋಡಿತು. ಎಂಟರ ಹತ್ತಿರ ನಿಂತು ಬಾಗಿದ ಸರಳನ್ನು ಮುಟ್ಟಿತು. "ಇದ್ರಲ್ಲಿ ಇಬ್ಬರು ಮಲಗಿ ಎದ್ದಿದ್ದಾರೆ. ಇದು ಗಟ್ಟಿ. ನನ್ನ ಮುತ್ತಿಗೆ ಇದೇ ಬೇಕು" ಎಂದಿತು. ಆಗ ಶುರುವಾಯಿತು ನೋಡಿ ಜಗಳ! ನಮ್ಮ ಮಗಳಿಗೆ ಎಂಟು, ನಮ್ಮ ಮಗಳಿಗೆ ಎಂಟು ಎಂದು ನಾಲ್ವರು ತಾಯಂದಿರು. ಮೊದಲು ಕೇಳಿದವರು ಅಜ್ಜಿ ಎಂದು ಮುತ್ತಿಗೇ ಕೊಟ್ಟೆ. ಅಂಗಳದಲ್ಲಿ ನಿಂತಿದ್ದ ಐದು ಮನೆಯವರೂ ಹೊತ್ತು ಮುಳುಗುವುದರೊಳಗೆ ಮಕ್ಕಳ ಟ್ರಂಕು ತಂದಿಟ್ಟರು.

ಹತ್ತನೇ ತಾರೀಕು ಜಡಿಮಳೆಯಲ್ಲಿ ಇನ್‌ಸ್ಪೆಕ್ಟರು ಬಂದರು. ನೆಲ ಒದ್ದೆ, ಹನ್ನೆರಡು ಹುಡುಗಿಯರು ಒಣಗಿದ ಕಂಬಳಿಯ ಮೇಲೆ ಕಾಲು ಮಡಚಿ ಕೂತು ಮಗ್ಗಿ ಹೇಳುತ್ತಿದ್ದರು. ಅವರು ಮಂಚವನ್ನು ಅಲುಗಾಡಿಸಿ ನೋಡಿದರು, ಅಲುಗಲಿಲ್ಲ. ತಾವೇ ಕೂತರು. "ಎಷ್ಟು ಬಿತ್ತು?" ಎಂದರು. "ಮೂವತ್ತೊಂದು" ಎಂದೆ. "ಒಂದಕ್ಕೆ ಮೂವತ್ತೊಂದು ಹೆಚ್ಚಾಯಿತಮ್ಮ." "ಹನ್ನೆರಡಕ್ಕೂ ಸೇರಿ ಸಾರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮಂಜೂರಾತಿಯ ಕಾಗದವನ್ನು ಅಲ್ಲೇ, ಮೂರನೇ ಮಂಚದ ಮೇಲೆ ಕೂತು ಬರೆದುಕೊಟ್ಟರು. ಈಗ ಈ ಮಕ್ಕಳನ್ನು ಶಾಲೆ ಮುಗಿಸುವವರೆಗೂ ಯಾರೂ ಇಲ್ಲಿಂದ ಎಬ್ಬಿಸುವಂತಿಲ್ಲ.

ನಿಮ್ಮ ಮಗಳು, ಹನ್ನೆರಡು ಮಕ್ಕಳ ವಾರ್ಡನ್
ವಿಶಾಲಾಕ್ಷಿ


ಕುಶಾಲನಗರ
೨೧–೬–೧೯೫೪

ವಿಶಾಲುವಿಗೆ ಅಪ್ಪ ಅವ್ವನ ಆಶೀರ್ವಾದ.

ನಿನ್ನ ಕಾಗದವನ್ನು ನಾಗರಾಜು ಹೋಟೆಲಿನ ಬಾಗಿಲಲ್ಲಿ ನಿಂತು ಓದಿದ. ಮಳೆಯಲ್ಲೂ ಮೂವತ್ತು ಜನ ಸೇರಿದ್ದರು. ಓದಿ ಮುಗಿಸಿ ಎಲ್ಲರಿಗೂ ಕಾಫಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಮಾರಿ ಅಜ್ಜಿಯ ಮಾತಿಗೆ ನಿನ್ನವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಕಾಣಲಿಲ್ಲ. ಆಮೇಲೆ, "ಅದೊಂದು ಮಂಚ ನಮಗೇ ಇಟ್ಕೋಬೇಕಿತ್ತು" ಎಂದಳು. ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಿದ್ದವರು ಈಗ ನಿಲ್ಲಿಸಿ, ಅಂಥವೇ ಎರಡು ಇದ್ದರೆ ನಮಗೂ ತಂದುಕೊಡಿ ಎನ್ನುತ್ತಾರೆ. ಗುರುವಪ್ಪ ಹೇಳಿಕಳಿಸಿದ್ದಾನೆ, ಇನ್ನೊಂದು ತೋಟದಲ್ಲಿ ಬೆಂಚು, ಮೇಜು ಹರಾಜಿಗಿವೆಯಂತೆ. "ಈ ಸಲ ಸಣ್ಣಸ್ವಾಮಿಯ ಬಾಯಿಗೆ ಟವಲು ಕಟ್ಟಿ ಕರೆದುಕೊಂಡು ಬನ್ನಿ" ಎಂದನಂತೆ. ಹೋಗುತ್ತೇನೆ. ನಿನ್ನ ಮಕ್ಕಳು ನೆಲದ ಮೇಲೆ ಕೂತು ಬರೆಯುವುದು ಯಾಕೆ?

ಎಂಟರಲ್ಲಿ ಮಲಗಿ ಎದ್ದ ದಿನದಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ನಿನ್ನೆ ಮಾತ್ರ ಒಂದು ಯೋಚನೆ ಹೊಕ್ಕಿತು. ಇನ್‌ಸ್ಪೆಕ್ಟರು ಮಂಚದ ಮೇಲೆ ಕೂತು ಬರೆದುಕೊಟ್ಟರು ಎಂದು ನೀನು ಬರೆದಿದ್ದೀಯಲ್ಲ, ಅವಸರದಲ್ಲಿ ಬರೆದಿರಬೇಕು. ಆ ಕಾಗದದಲ್ಲಿ ಹನ್ನೆರಡು ಎಂಬುದು ಅಂಕಿಯಲ್ಲಿ ಮಾತ್ರ ಇದೆಯೋ, ಅಕ್ಷರದಲ್ಲೂ ಇದೆಯೋ? ಅಂಕಿಯಾದರೆ ನಾಳೆ ಬರುವವನು ೧೨ರ ಒಂದನ್ನು ಅಳಿಸಿ ಬರೀ ಎರಡು ಮಾಡಿಬಿಡಬಹುದು. ಪೆಟ್ಟಿಗೆಯಿಂದ ತೆಗೆದು, ಬೆಳಕಿನಲ್ಲಿ ಹಿಡಿದು, ಇನ್ನೊಂದು ಸಲ ನೋಡಿ ಬರೆ.

ಸಣ್ಣಸ್ವಾಮಿ